ಮಾನ್ವಿಯ ಬಾಯ್ಲರ್ ಮನೆಯಲ್ಲಿ ಶಿಷ್ಯವೇತನ

ಅಕ್ಷರವಿತ್ತ ಗುರುಗಳಿಗೂ, ಅನ್ನವಿಕ್ಕಿದ ತಾಯಂದಿರಿಗೂ, ನನ್ನ ಅರಿವಿನ ಕೊರತೆಯನ್ನು ತಕ್ಕ ಸಮಯದಲ್ಲಿ ತೋರಿಸಿಕೊಟ್ಟ ಭಗವಂತನಿಗೂ ಕೈಮುಗಿದು ಈ ಪ್ರಸಂಗವನ್ನು ನಿವೇದಿಸುತ್ತೇನೆ.

ಆಗ ನನ್ನ ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ರಾಯಚೂರಿನ ಕೈಗಾರಿಕಾ ತರಬೇತಿ ಸಂಸ್ಥೆಯೊಂದರಲ್ಲಿ ತರಬೇತಿ ಅಧಿಕಾರಿಯಾಗಿದ್ದೆ. ಕಲಿತ ಮಕ್ಕಳನ್ನು ಅಪ್ರೆಂಟಿಸ್‌ಗಳಾಗಿ ಕಾರ್ಖಾನೆಗಳಿಗೆ ಕಳುಹಿಸಿ, ಒಪ್ಪಂದದಂತೆ ಎಲ್ಲವೂ ನಡೆಯುತ್ತಿದೆಯೇ ಎಂದು ನೋಡುವುದು ನನ್ನ ಹೊಣೆ. ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯ ಶರಣಮ್ಮನನ್ನು ಇನ್ನೂ ಕೆಲವರೊಡನೆ ಮಾನ್ವಿಯ ಅಕ್ಕಿ ಗಿರಣಿಗೆ ಕಳುಹಿಸಿದ್ದೆ. ಅಲ್ಲಿಯ ರೂಢಿ ಹಳೆಯದು: ಉಸ್ತಾದರ ಕೈಕೆಳಗೆ ಕಲಿಯುವವರಿಗೆ ಮಧ್ಯಾಹ್ನದ ಊಟ, ಹಬ್ಬಕ್ಕೊಂದು ಜೊತೆ ಬಟ್ಟೆ, ಶಿಷ್ಯವೇತನದಲ್ಲಿ ಅರ್ಧ ಮಾತ್ರ. ಅವಳು ದೂರಿದಾಗ, ಸಂಸ್ಕೃತ ಪಾಠಶಾಲೆಯಲ್ಲಿ ಗುರುಸೇವೆ ಮಾಡಿ ಬೆಳೆದ ನಾನು, ಆ ದಿನಗಳನ್ನೇ ಅವಳಿಗೆ ಹೇಳಿ, "ಕಲಿಯುವಾಗ ಕೂಲಿ ಎಣಿಸಬಾರದಮ್ಮ" ಎಂದುಬಿಟ್ಟೆ.

ಎರಡು ತಿಂಗಳ ಬಳಿಕ ಒಂದು ಬೆಳಿಗ್ಗೆ ಗಿರಣಿಯಿಂದ ಕರೆ ಬಂತು. ಬಾಯ್ಲರ್ ಹೊತ್ತಿಸಿಲ್ಲ, ಕುಚ್ಚಲಕ್ಕಿಗೆಂದು ತೊಟ್ಟಿಗಳಲ್ಲಿ ನೆನೆಸಿದ ಭತ್ತಕ್ಕೆ ಉಗಿ ಕೊಡುವ ಹೊತ್ತು ಮೀರುತ್ತಿದೆ, ಇನ್ನೂ ತಡವಾದರೆ ಹುಳಿತು ನಾರುತ್ತದೆ. ಧಾವಿಸಿ ಹೋದೆ. ಬಾಯ್ಲರ್ ನಡೆಸುವ ಮಹಬೂಬ್ ಉಸ್ತಾದರು ಬಾಯ್ಲರ್ ಮನೆಯ ಬಾಗಿಲಿಗೆ ಅಡ್ಡ ಕುಳಿತಿದ್ದರು. ನೀರಿನ ಮಟ್ಟ ನೋಡುತ್ತಿದ್ದ ಶರಣಮ್ಮ ಹಿಂದಿನ ದಿನ ತಲೆಸುತ್ತಿ ಬಿದ್ದು ಅಂಗೈ ಸುಟ್ಟುಕೊಂಡಿದ್ದಳು. ಕೋಣೆಯ ಬಾಡಿಗೆ ಕಟ್ಟಿದ ಮೇಲೆ ಅವಳಿಗೆ ದಕ್ಕುತ್ತಿದ್ದುದು ಗಿರಣಿಯ ಆ ಒಂದು ಊಟ ಮಾತ್ರ. ಈಗ ಚೀಲ ಕಟ್ಟಿಕೊಂಡು ಊರಿಗೆ ಹೊರಟು ನಿಂತಿದ್ದಳು. ಹೋದರೆ ಪ್ರಮಾಣಪತ್ರವಿಲ್ಲ, ಅದುವರೆಗಿನ ಶ್ರಮವೆಲ್ಲ ವ್ಯರ್ಥ.

"ಕಲಸಾದೂ ನಾವ, ಮ್ಯಾಲ ಪಗಾರಾನೂ ನಾವ ಕೊಡಬೇಕೇನ್ರಿ?" ಎಂದು ಮಾಲೀಕರು ಸಿಡುಕಿದರು.

"ಕಲಸಾಂವ ನಾನ್ರೀ ಸಾವ್ಕಾರ್ರ," ಎಂದರು ಉಸ್ತಾದರು. "ಭತ್ತ ಹುಳೀತದಂತ ಓಡಿ ಬಂದ್ರಿ, ನಿನ್ನಿ ಹುಡುಗಿ ಬಿದ್ದಾಗ ಎಲ್ಲಿದ್ರಿ? ಹಸದಾಕಿನ್ನ ಬಾಯ್ಲರ್ ಮುಂದ ನಿಲ್ಲಸಾಂಗಿಲ್ಲ ನಾ."

ಮಾಲೀಕರು ನನ್ನತ್ತ ತಿರುಗಿದರು. "ಸಾಹೇಬ್ರ, ಕೂಲಿ ಎಣಸಬ್ಯಾಡಂತ ಹಿಂದ ಹೇಳಿದ್ರಲ್ಲ, ಇನ್ನೊಮ್ಮೆ ಹೇಳ್ರಿ ಆಕಿಗೆ."

ನಾನು ಬಾಯಿ ತೆರೆಯುವ ಮೊದಲೇ ಶರಣಮ್ಮ ಕೇಳಿದಳು: "ಸರ್, ನಿಮ್ಮ ಪಾಠಶಾಲ್ಯಾಗ ಎಷ್ಟ್ ಹೊತ್ತು ಉಣ್ಣಾಕ ಹಾಕ್ತಿದ್ರು?"

"ಎರಡು ಹೊತ್ತು," ಎಂದೆ. ಮಲಗಲು ಕೋಣೆಯೂ ಇತ್ತೆಂಬುದನ್ನು ಯಾರೂ ಕೇಳದಿದ್ದರೂ ಹೇಳಿದೆ.

ಆಮೇಲೆ ನನಗೆ ಯೋಚಿಸಲು ಏನೂ ಉಳಿಯಲಿಲ್ಲ. ಒಪ್ಪಂದಪತ್ರವನ್ನು ಮಾಲೀಕರ ಮುಂದಿಟ್ಟು, ಪೂರ್ಣ ಶಿಷ್ಯವೇತನ, ಹಿಂದಿನ ಬಾಕಿ, ವಾಸಕ್ಕೊಂದು ಕೋಣೆ ಕೊಡದಿದ್ದರೆ ಎಲ್ಲ ಅಪ್ರೆಂಟಿಸ್‌ಗಳನ್ನು ಅಂದೇ ಹಿಂದಕ್ಕೆ ಕರೆದೊಯ್ಯುವೆನೆಂದೆ. ತೊಟ್ಟಿಯ ಕಡೆಯಿಂದ ಹುಳಿವಾಸನೆ ತೇಲಿಬಂತು. ಅವರು ಹೋಗಿ ಭತ್ತವನ್ನು ಮೂಸಿ ನೋಡಿ ಬಂದು, ಮೂರನ್ನೂ ಒಪ್ಪಿ ಬರೆದು ಸಹಿ ಹಾಕಿದರು. ಒಂದು ತೊಟ್ಟಿಯ ಭತ್ತ ಆಗಲೇ ಕೆಟ್ಟಿತ್ತು. ಶರಣಮ್ಮ ಚೀಲ ಕೆಳಗಿಟ್ಟಳು, ಉಸ್ತಾದರು ಎದ್ದು ಬಾಯ್ಲರ್ ಹೊತ್ತಿಸಿದರು, ಉಳಿದದ್ದಕ್ಕೆ ಉಗಿ ದೊರೆಯಿತು.

ಗುರುಸೇವೆಯನ್ನು ಹೊಗಳುವ ಮುನ್ನ ಶಿಷ್ಯರ ಹೊಟ್ಟೆಯನ್ನು ವಿಚಾರಿಸಬೇಕೆಂದು ನನ್ನ ವೃತ್ತಿ ಕಲಿಸಿದ್ದು ಇಷ್ಟು ತಡವಾಗಿ. ಕೇಳುವ ಧೈರ್ಯ ತೋರಿದ ಶರಣಮ್ಮನಿಗೆ, ಅಡ್ಡ ಕುಳಿತ ಉಸ್ತಾದರಿಗೆ, ಮನಸ್ಸು ಬದಲಿಸಿದ ಮಾಲೀಕರಿಗೂ ಭಗವಂತನು ಆಯುರಾರೋಗ್ಯವನ್ನು ಕರುಣಿಸಲಿ.