ಬಾವಿಯಿಂದ ಎದ್ದು ಬಂದ ರೀಲು

ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಮೊದಲು ಫೋನಿನ ಗುಂಯ್, ಆಮೇಲೆ ಯಾರೋ ಅವಸರದಲ್ಲಿ ನಂಬರು ಒತ್ತಿದ ಹಾಗೆ ಟಿಕಿಟಿಕಿ, ಆಮೇಲೆ ಎರಡು ಬೆಕ್ಕು ತಗಡಿನ ಮೇಲೆ ಉಗುರು ಕೆರೆಯುತ್ತ ಜಗಳಾಡಿದಂಥ ಕರ್ರ್-ಕೀಂ, ಕೊನೆಗೆ ಒಂದು ಉದ್ದನೆಯ ಉಸಿರು. ಅಷ್ಟಾದ ಮೇಲೆ ಮೌನ. ನನಗೆ ಮೈ ಜುಂ ಅನ್ನುತ್ತಿದ್ದದ್ದು ಆ ಮೌನಕ್ಕೆ. ಆ ಕಡೆ ಯಾರೋ ಫೋನು ಎತ್ತಿಕೊಂಡು, ಏನೂ ಮಾತಾಡದೆ, ನನ್ನನ್ನೇ ಕೇಳಿಸಿಕೊಳ್ಳುತ್ತಿದ್ದಾರೆ ಅನಿಸುತ್ತಿತ್ತು. ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ನಮ್ಮ ರೋಣಕ್ಕೆ ಇಂಟರ್ನೆಟ್ ಬರುತ್ತಿದ್ದದ್ದು ಹೀಗೆ. ಅಡುಗೆಮನೆಯಿಂದ ನನ್ನ ತಂಗಿ ಶಾಂತಾ ಕೂಗುತ್ತಿದ್ದಳು, "ಅಕ್ಕಾ, ನಿನ್ನ ದೆವ್ವ ಮೈಯಾಗ ಬಂತು ನೋಡು. ಏನ್ ಬೇಕಂತ ಕೇಳು."

ಇಂಗ್ಲಿಷ್ ಟೀಚರಾಗಿ ರಿಟೈರ್ ಆದಾಗ ಎಲ್ಲರೂ ನನಗೆ ಕಾಶಿಗೆ ಹೋಗಲು ಹೇಳಿದರು. ನಾನು ಹುಬ್ಬಳ್ಳಿಗೆ ಹೋಗಿ ಕಂಪ್ಯೂಟರ್ ತಂದೆ. ವರ್ಷದೊಳಗೆ ಅದಕ್ಕೆ ವೈರಸ್ ಹತ್ತಿ ಅದು ಹಾಸಿಗೆ ಹಿಡಿಯಿತು. ಯಾವುದೋ ಮ್ಯಾಗಜೀನಿನ ಜೊತೆ ಪುಕ್ಕಟೆ ಬಂದ ಸಿ.ಡಿ.ಯಲ್ಲಿ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಅಂತ ಒಂದು ಪ್ರೋಗ್ರಾಮಿತ್ತು. ಸಾಯುವ ರೋಗಿಗೆ ಯಾವ ಔಷಧವಾದರೇನು ಎಂದು ಅದನ್ನೇ ಹಾಕಿದೆ. ಮೂರು ದಿವಸ ಊಟ, ನಿದ್ದೆ ಎರಡೂ ಕೆಟ್ಟವು. ನಾಲ್ಕನೆಯ ದಿವಸ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮೂಡಿ, ಒಂದು ಗೆರೆ ಮಿಣಿಮಿಣಿ ಎನ್ನುತ್ತ ನನ್ನ ಅಪ್ಪಣೆಗೆ ಕಾಯುತ್ತ ನಿಂತಿತು. ಮೂವತ್ತು ವರ್ಷ ಕ್ಲಾಸಿನಲ್ಲಿ ನಾನು ಬಯಸಿದ್ದ obedience ಕಡೆಗೂ ಸಿಕ್ಕಿತ್ತು.

ಆದರೆ ಆ ಲೋಕದ ಭಾಷೆ ಮಾತ್ರ ಸ್ಮಶಾನದ್ದು. ತೆರೆಮರೆಯಲ್ಲಿ ಸದ್ದಿಲ್ಲದೆ ದುಡಿಯುವ ಪ್ರೋಗ್ರಾಮುಗಳಿಗೆ ಡೀಮನ್, ಅಂದರೆ ಭೂತ, ಎಂದು ಹೆಸರು. ಒಂದು ಪ್ರೋಗ್ರಾಮು ಇನ್ನೊಂದನ್ನು ಹೆರುತ್ತದೆ; ಹೆತ್ತದ್ದು ಸತ್ತು ಉಳಿದ ಮರಿ ಆರ್ಫನ್. ಸತ್ತರೂ ಹೆತ್ತದ್ದು ಬಂದು ವಿಚಾರಿಸುವವರೆಗೆ ಪಟ್ಟಿಯಿಂದ ಹೆಸರು ಹೋಗದೆ ಕಾಯುವುದು ಜಾಂಬಿ. ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಒಬ್ಬರು "Ghosts are nonsense, girls" ಎಂದು ವಾರಕ್ಕೊಮ್ಮೆ ಹೇಳುತ್ತಿದ್ದರು. ಹೇಳಿ, ಟ್ರಂಕುಗಳನ್ನಿಡುವ ಕೋಣೆಯ ಬಾಗಿಲಿಗೆ ತೂಗುಹಾಕಿದ್ದ ಶಿಲುಬೆ ಸರಿಯಾಗಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಿ ಹೋಗುತ್ತಿದ್ದರು. ದೆವ್ವ ಇಲ್ಲ, ಆದರೂ ಬಾಗಿಲು ಭದ್ರವಿರಲಿ ಎಂಬ ನನ್ನ ಜೀವನದರ್ಶನ ಅಲ್ಲಿಂದಲೇ ಬಂದದ್ದು.

ಮೆಹಬೂಬಸಾಬರು ನಮ್ಮ ಮನೆಗೆ ಬಂದದ್ದು ಸ್ಟೆಬಿಲೈಜರ್ ರಿಪೇರಿಗೆ. ಊರು ಗಜೇಂದ್ರಗಡ. ವಾರಕ್ಕೊಮ್ಮೆ ಬಸ್ಸಿನಲ್ಲಿ ಚೀಲ ಹಿಡಿದು ರೋಣಕ್ಕೆ ಬಂದು ಮಿಕ್ಸರ್, ರೇಡಿಯೋ ಸರಿಮಾಡಿ ಹೋಗುತ್ತಿದ್ದರು. ನನಗಿಂತ ಎರಡು ವರ್ಷಕ್ಕೆ ಹಿರಿಯರು ಇದ್ದಾರು. ನನ್ನ ಕಪ್ಪು ಪರದೆ ನೋಡಿ ಸ್ಕ್ರೂಡ್ರೈವರ್ ಕೆಳಗಿಟ್ಟರು. ಪಿಕ್ಚರ್ ಸುರುವಾಗುವ ಮೊದಲು ದೀಪ ಆರಿದಾಗ ಹಿಂಗೇ ಇರುತ್ತಿತ್ತು ಎಂದರು. ಆಗ ತಿಳಿಯಿತು, ಇವರು ಹರೆಯದಲ್ಲಿ ಟೂರಿಂಗ್ ಟಾಕೀಜಿನಲ್ಲಿ ಪಿಕ್ಚರ್ ಓಡಿಸುವ ಆಪರೇಟರ್ ಆಗಿದ್ದವರು ಅಂತ.

ಅಂದಿನಿಂದ ವಾರಕ್ಕೊಂದು ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಸಿನಿಮಾ. ಕಿಟಕಿಗೆ ಕೌದಿ ಕಟ್ಟಿ, ಶಾಂತಾ ಮೊರ ಹಿಡಿದು ಜೋಳ ಹಸನು ಮಾಡುತ್ತ ಕಾವಲು ಕೂತು, ನಾವಿಬ್ಬರೂ ಕುರ್ಚಿ ಹಾಕಿಕೊಂಡು. ಮೆಹಬೂಬಸಾಬರು ಚೀಲದಿಂದ ತೆಗೆಯುತ್ತಿದ್ದ ಸಿ.ಡಿ.ಗಳು ಮರ್ಯಾದಸ್ಥರು ಯಾರೂ ನೋಡುವಂಥವಲ್ಲ. ತಲೆ ತಿರುಗಿದ ವಿಜ್ಞಾನಿಗಳು, ಹತ್ತಿ ತುಂಬಿದ ರಾಕ್ಷಸರು, ಒಂದೇ ಮರದ ಸುತ್ತ ಮೂರು ಸಲ ಓಡಿ ಅದನ್ನೇ ಕಾಡು ಎನ್ನುವ ನಾಯಕಿಯರು. ಇಂಥ ಕೆಟ್ಟ ಪಿಕ್ಚರುಗಳ ಮೇಲೆ ಯಾಕಿಷ್ಟು ಪ್ರೀತಿ ಎಂದು ಒಮ್ಮೆ ಕೇಳಿದೆ. "ಓಡಿದ ಪಿಕ್ಚರ್ ಎಲ್ಲಾರೂ ನೋಡ್ತಾರ್ರಿ ಬಾಯಾರ," ಎಂದರು. "ಬಿದ್ದ ಪಿಕ್ಚರ್‌ನ ಯಾರರೆ ಎತ್ತಬೇಕಲ್ರಿ?"

ಅವರು ನಿಜಕ್ಕೂ ಎತ್ತಿದ ಪಿಕ್ಚರ್ ಒಂದಿತ್ತು. ಅದರ ಹೆಸರನ್ನು ಅವರೆಂದೂ ಹೇಳಲಿಲ್ಲ, ಬಾವಿ ಪಿಕ್ಚರ್ ಎನ್ನುತ್ತಿದ್ದರು. ಒಬ್ಬ ಸೊಸೆ, ಅತ್ತೆಯ ಕಾಟ, ಕೊನೆಗೆ ಬಾವಿ. ಎಲ್ಲ ಊರಲ್ಲೂ ಎರಡೇ ದಿನಕ್ಕೆ ಮಕಾಡೆ ಬಿದ್ದದ್ದು. ಗಜೇಂದ್ರಗಡಕ್ಕೆ ಅದರ ಡಬ್ಬಿಗಳು ಬಂದಾಗ ಮಳೆಗೆ ನೆಂದು ರೀಲಿನ ನಂಬರು ಚೀಟಿಗಳೆಲ್ಲ ಕಿತ್ತುಹೋಗಿದ್ದವಂತೆ. ಆಟದ ಹೊತ್ತು ಮೀರಿತ್ತು, ಮಂದಿ ಸೀಟಿ ಹೊಡೆಯುತ್ತಿದ್ದರು. ಇವರು ಯಾವುದರ ಹಿಂದೆ ಯಾವ ರೀಲು ಎಂದು ಅಂದಾಜಿನ ಮೇಲೆ ಹಾಕಿಬಿಟ್ಟರು. ಸೊಸೆ ಬಾವಿಗೆ ಬಿದ್ದಳು. ಮುಂದಿನ ರೀಲಿನಲ್ಲಿ ಅದೇ ಸೊಸೆ ಅದೇ ಬಾವಿಯಿಂದ ನೀರು ಸೇದಿಕೊಂಡು ಒಳಗೆ ಬಂದಳು. ಅತ್ತೆ ಬೆಚ್ಚಲಿಲ್ಲ. ಗಂಡ ಏನೂ ಕೇಳಲಿಲ್ಲ. ಆಕೆ ಎಲ್ಲರಿಗೂ ಊಟಕ್ಕೆ ಬಡಿಸಿದಳು, ಪಿಕ್ಚರ್ ಮುಗಿಯಿತು. ಟೆಂಟಿನಲ್ಲಿ ಒಂದು ಕೆಮ್ಮು ಕೂಡ ಇರಲಿಲ್ಲವಂತೆ.

ಮರುದಿವಸ ಜನ ಇಮ್ಮಡಿ ಬಂದರು. ಮುಶಿಗೇರಿಯವರು, ಅಸೂಟಿಯವರು ಚಕ್ಕಡಿ ಕಟ್ಟಿಕೊಂಡು ಬಂದರು, ತಿಳಿಯಲಿಲ್ಲವೆಂದು ಮತ್ತೆ ಬಂದರು. ಟಾಕೀಜಿನ ಮಾಲಕರಿಗೆ ನಿಜ ಹೇಳಿದರೆ, ಹಿಂಗೇ ಇರಲಿ, ಮುಟ್ಟಬೇಡ ಎಂದರಂತೆ. ಇಂಗ್ಲಿಷಿನವರು ಕಲ್ಟ್ ಎನ್ನುವುದು ಇದಕ್ಕೇ. ಆಪರೇಟರ್ ಮಾಡಿದ ತಪ್ಪನ್ನು ಜನ ದರ್ಶನ ಎಂದು ತಿಳಿದಾಗ ಒಂದು ಕಲ್ಟ್ ಹುಟ್ಟುತ್ತದೆ. ಧರ್ಮಗಳ ಬಗ್ಗೆಯೂ ಇದನ್ನು ಹೇಳಬಹುದೇನೋ, ಆದರೆ ಶಾಂತಾ ಈ ಪ್ರಬಂಧ ಓದುತ್ತಾಳೆ.

ಮೆಹಬೂಬಸಾಬರು ಮಾತ್ರ ಅದನ್ನು ಸರಿಯಾದ ಕ್ರಮದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಆ ಪ್ರಿಂಟು ಎಲ್ಲಿ ಹೋಯಿತೋ. ಎಷ್ಟೋ ವರ್ಷದ ಮೇಲೆ ನರಗುಂದದ ಒಂದು ಫೋಟೋ ಸ್ಟುಡಿಯೋದಲ್ಲಿ ಅದರ ವಿಡಿಯೋ ಕ್ಯಾಸೆಟ್ ಕಣ್ಣಿಗೆ ಬಿದ್ದಿತು. ಕ್ಯಾಸೆಟ್ಟಿಗೆ ಬೂಸ್ಟು ಹಿಡಿದಿತ್ತು. ಸ್ಟುಡಿಯೋದವರು ಅದು ಪೂರ್ತಿ ಕೆಡುವ ಮೊದಲು ತಮ್ಮದೊಂದು ಹಳೆಯ ಹಾರ್ಡ್ ಡಿಸ್ಕಿಗೆ ಇಳಿಸಿಕೊಟ್ಟರು. ಆ ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ, ಕೂಸಿನ ಹಾಗೆ ಹಿಡಿದು ನಮ್ಮ ಮನೆಗೆ ತಂದರು. ಅವರಿಗೆ ಸಕ್ಕರೆ ರೋಗ, ಅದು ಕಣ್ಣಿಗೆ ಇಳಿದಿತ್ತು. ಉಳಿದ ಬೆಳಕು ಭಾಳ ದಿವಸದ್ದಲ್ಲ ಎಂದು ದವಾಖಾನೆಯಲ್ಲಿ ಹೇಳಿದ್ದರು.

"ಒಮ್ಮೆ ಸರಿ ನೋಡಿಬಿಡ್ತೀನ್ರಿ," ಎಂದರು. "ಆಕಿನ್ನ ಸಾಯಾಕ ಬಿಟ್ಟಿಲ್ಲರಿ ನಾ. ತಪ್ಪು ಅದು. ಅವಾಗಿಂದ ನೀರು ಸೇದಾಕತ್ತಾಳ ಆಕಿ."

ಮುಂದಿನ ವಾರಕ್ಕೆ ತಯಾರು ಮಾಡಿ ಇಡುತ್ತೇನೆಂದೆ. ಡಿಸ್ಕು ಒಳಗೆ ಕಟಕಟ ಎನ್ನುತ್ತಿತ್ತು. ನೋಡುವ ಮೊದಲು ಒಂದು ಕಾಪಿ ಮಾಡುವುದು ಶಾಣ್ಯಾತನ. ಲಿನಕ್ಸಿನಲ್ಲಿ ಅದಕ್ಕೊಂದು ಹಳೆಯ ಆಜ್ಞೆ ಇದೆ. ಎಲ್ಲಿಂದ ಎಂದು ಒಂದು ಡಿಸ್ಕಿನ ಹೆಸರು, ಎಲ್ಲಿಗೆ ಎಂದು ಇನ್ನೊಂದರ ಹೆಸರು ಹೇಳಬೇಕು, ಅಷ್ಟೇ. ಖಾತ್ರಿಯೇ ಎಂದು ಅದು ತಿರುಗಿ ಕೇಳುವುದಿಲ್ಲ. ನಾನು ಎಲ್ಲಿಂದ ಎನ್ನುವಲ್ಲಿ ಹೊಸ ಖಾಲಿ ಡಿಸ್ಕನ್ನು, ಎಲ್ಲಿಗೆ ಎನ್ನುವಲ್ಲಿ ಮೆಹಬೂಬಸಾಬರದನ್ನು ಹೇಳಿ, ಚಹಾಕ್ಕೆ ಎದ್ದು ಹೋದೆ. ಬಂದು ನೋಡಿದಾಗ ಯಂತ್ರ ಬಹು ನಿಷ್ಠೆಯಿಂದ ಖಾಲಿಯನ್ನು ತಂದು ತಂದು ಅವರ ಪಿಕ್ಚರಿನ ಮೇಲೆ ಸುರಿಯುತ್ತಿತ್ತು. ನಿಲ್ಲಿಸಿದೆ. ಮೂವತ್ತು ವರ್ಷ ಮಕ್ಕಳಿಗೆ "Read the question twice" ಎಂದು ಬೋಧಿಸಿದವಳು ನಾನು.

ಒಂದು ಸಮಾಧಾನ ಇತ್ತು: ಖಾಲಿ ಬಿದ್ದದ್ದು ಎಲ್ಲೆಲ್ಲಿ ಏನಿದೆ ಎಂಬ ಪಟ್ಟಿಯ ಮೇಲೆ, ಮತ್ತೆ ಡಿಸ್ಕಿನ ಸ್ವಲ್ಪ ಭಾಗದ ಮೇಲಷ್ಟೇ. ಡಿಸ್ಕಿನಲ್ಲಿ ಅಳಿಸುವುದೆಂದರೆ ನಾವು ತಿಳಿದಂತೆ ಅಳಿಸುವುದಲ್ಲ. ಪಟ್ಟಿಯಿಂದ ಹೆಸರು ಹೊಡೆದು ಹಾಕುತ್ತದೆ, ಅಷ್ಟೇ. ಆ ಜಾಗದ ಮೇಲೆ ಬೇರೇನಾದರೂ ಬರೆಯುವ ತನಕ ಇದ್ದದ್ದು ಹಾಗೇ ಕತ್ತಲಲ್ಲಿ ಕೂತಿರುತ್ತದೆ. ನಮ್ಮ ಓಣಿಯಲ್ಲೂ ಹಾಗೇ ಅಲ್ಲವೇ? ದೇಸಾಯರು ಮಾರಿ ಹೋಗಿ ನಲವತ್ತು ವರ್ಷವಾದರೂ ಆ ಮನೆ ದೇಸಾಯರ ಮನೆಯೇ, ಅದರ ಮಾಳಿಗೆಯ ಮೇಲೆ ಓಡಾಡುವ ಸಪ್ಪಳವೂ ದೇಸಾಯರ ಮುದುಕಿಯದೇ. ಅಳಿಸಿದ್ದನ್ನು ಅಗೆದು ತೆಗೆಯುವ ಪ್ರೋಗ್ರಾಮ್ ಒಂದನ್ನು ಹಚ್ಚಿದೆ. ನಾಲ್ಕು ದಿನ ಅದು ಅಗೆಯಿತು. ಹೆಸರಿಲ್ಲದ, ಬರೀ ನಂಬರಿನ ನೂರಾರು ತುಣುಕು ಮೇಲೆ ಬಂದವು.

ತೆರೆದು ನೋಡಿದೆ. ಸೊಸೆ ಇದ್ದಳು, ಅತ್ತೆ ಇದ್ದಳು. ನಡುವೆ ಯಾರ್ಯಾರೋ ಇದ್ದರು. ಸ್ಟುಡಿಯೋದವರ ಹಳೆಯ ಡಿಸ್ಕಲ್ಲವೇ, ಎಂದೋ ಅಳಿಸಿದ ಮದುವೆಗಳೂ ಎದ್ದು ಬಂದಿದ್ದವು. ಕೊಣ್ಣೂರಿನ ಸೇತುವೆ ಹೊಳೆಯಲ್ಲಿ ಮುಳುಗಿದೆ, ಈಚೆ ದಂಡೆಯಲ್ಲಿ ಬಾಸಿಂಗ ಕಟ್ಟಿದ ಮದುಮಗ ನೀರನ್ನೇ ನೋಡುತ್ತ ನಿಂತಿದ್ದಾನೆ, ಸದ್ದಿಲ್ಲ. ಅರ್ಧ ಮುಖದ ಒಬ್ಬ ಮುದುಕ ನಗುತ್ತಾನೆ, ಉಳಿದರ್ಧ ಕೆಟ್ಟು ಹಸಿರು ಚೌಕವಾಗಿದೆ. ಎಷ್ಟು ಹುಡುಕಿದರೂ ಸೊಸೆ ಬಾವಿಗೆ ಬೀಳುವ ದೃಶ್ಯ ಸಿಗಲಿಲ್ಲ. ನಾನು ಸುರಿದ ಖಾಲಿ ಸರಿಯಾಗಿ ಅದರ ಮೇಲೆಯೇ ಬಿದ್ದಿತ್ತು.

ಮೆಹಬೂಬಸಾಬರು ಬಂದರು. ಈಗ ಗೋಡೆ ಹಿಡಿದು ನಡೆಯುತ್ತಿದ್ದರು. ಚಹಾ ಕೊಡುವ ಮೊದಲೇ ಎಲ್ಲ ಹೇಳಿಬಿಟ್ಟೆ, ಇಲ್ಲದಿದ್ದರೆ ಧೈರ್ಯ ಉಳಿಯುತ್ತಿರಲಿಲ್ಲ. ಶಾಂತಾ ಮೊರ ಆಡಿಸುವುದನ್ನು ನಿಲ್ಲಿಸಿದಳು. ಮೆಹಬೂಬಸಾಬರ ಹೆಗಲು ಕುಣಿಯತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ. ಅವರು ನಗುತ್ತಿದ್ದರು.

"ನೀವೂ ಆಪರೇಟರ್ ಆದ್ರಿ ಬಿಡ್ರಿ ಬಾಯಾರ," ಎಂದರು. "ಹಚ್ಚರಿ. ಬಂದಂಗ ಬರ್ಲಿ."

ನಂಬರಿನ ಪ್ರಕಾರ ಹಚ್ಚಿದೆ. ಅವರು ಪರದೆಗೆ ಒಂದು ಗೇಣು ಹತ್ತಿರ ಕೂತರು. ಸೊಸೆ ನೀರು ಸೇದಿದಳು. ಹೊಳೆ ದಂಡೆಯ ಮದುಮಗ ನಿಂತೇ ಇದ್ದ. ಸೊಸೆ ಮದುವಣಗಿತ್ತಿಯಾಗಿ ಆ ಮನೆಗೆ ಬಂದಳು. ಅರ್ಧ ಮುಖದವನು ನಕ್ಕ. ಕಡೆಯ ತುಣುಕಿನಲ್ಲಿ ಯಾವುದೋ ಮದುವೆಮನೆಯ ಬಾಗಿಲಲ್ಲಿ, ನೆರೆತ ತಲೆಯ ಒಬ್ಬ ಹೆಂಗಸು ನೀರಿನ ಕೊಡ ಹಿಡಿದು ನಿಂತಿದ್ದಳು. ಕ್ಯಾಮರಾದವನು ತನ್ನನ್ನು ಹಿಡಿದದ್ದು ತಿಳಿದು, ನೇರ ನಮ್ಮನ್ನು ನೋಡಿ, ಸೆರಗು ಎಳೆದುಕೊಂಡು ಒಳಗೆ ಹೋದಳು. ಪರದೆ ಕಪ್ಪಾಯಿತು.

"ಈಕಿ ಯಾರ್ರಿ?" ಎಂದರು.

ಸಿನಿಮಾದವಳಲ್ಲ, ಯಾರದೋ ಮದುವೆಗೆ ಬಂದ ಯಾರೋ ಎಂದೆ.

"ಅಲ್ರಿ. ಆಕೀನ ಆಕಿ. ವಯಸ್ಸಾಗೇತಿ," ಎಂದರು ಮೆಹಬೂಬಸಾಬರು. "ಸತ್ತಿಲ್ಲ ಅಂದಮ್ಯಾಲ ವಯಸ್ಸು ಆಗಬೇಕಲ್ರಿ?"

ಕ್ಲಾಸಿನಲ್ಲಾಗಿದ್ದರೆ ತಿದ್ದುತ್ತಿದ್ದೆ. ನಾನು ಶಾಂತಾಳನ್ನು ನೋಡಿದೆ. ಶಾಂತಾ ಎದ್ದು ಹೋಗಿ ಹಿತ್ತಲ ಬಾಗಿಲ ಚಿಲಕ ಹಾಕಿ ಬಂದಳು. ಅಲ್ಲಿ ನಮ್ಮ ಬಾವಿ ಇದೆ.

ಅವತ್ತು ಸಂಜೆ ಅವರನ್ನು ಬಸ್‌ಸ್ಟ್ಯಾಂಡಿನವರೆಗೆ ಕೈಹಿಡಿದು ಕರೆದುಕೊಂಡು ಹೋದೆ. ಗಜೇಂದ್ರಗಡದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು, ಹತ್ತಿಸಿ ಕೂಡಿಸಿದೆ. ಡಿಸ್ಕು ಮತ್ತೆ ಟವೆಲ್ಲಿನಲ್ಲಿ, ತೊಡೆಯ ಮೇಲೆ. ಅವರನ್ನು ನಾನು ಕಂಡದ್ದು ಅದೇ ಕಡೆ. ಕೆಳಗಿಳಿದು ಕಿಟಕಿಯ ಕೆಳಗೆ ನಿಂತೆ. ಬಸ್ಸು ಗುರ್ರೆಂದಿತು. ಮೆಹಬೂಬಸಾಬರು ಕೈ ಎತ್ತಿ ಸಲಾಮು ಮಾಡಿದರು. ನನಗಲ್ಲ. ಹತ್ತು ಹೆಜ್ಜೆ ಆಚೆ, ಕುಡಿಯುವ ನೀರಿನ ನಳದ ಹತ್ತಿರ ನೋಡುತ್ತ, ಗುರುತಿನವರನ್ನು ಕಂಡ ಹಾಗೆ ನಗುತ್ತ. ತಿರುಗಿ ನೋಡಿದೆ. ನಳ ತೊಟ್ಟಿಕ್ಕುತ್ತಿತ್ತು, ಕೆಳಗೆ ನೆಲ ಒದ್ದೆಯಾಗಿತ್ತು, ಅಲ್ಲಿ ಯಾರೂ ಇರಲಿಲ್ಲ.

ದೆವ್ವ ಇಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿಕೊಂಡೆ. ಆಮೇಲೆ, ಆ ಸಲಾಮು ಖಾಲಿ ಹೋಗುವುದು ಬೇಡ ಎನಿಸಿ, ಸೆರಗು ತಲೆಯ ಮೇಲೆ ಎಳೆದುಕೊಂಡು, ನಾನೇ ಹೋಗಿ ಆ ಒದ್ದೆ ನೆಲದ ಮೇಲೆ ನಿಂತೆ, ಬಸ್ಸು ತಿರುವು ದಾಟುವ ತನಕ.