ಬೆಲ್ಜಿಯಮ್ಮಿನ ದಂತವೈದ್ಯ ಮತ್ತು ಪೊರಿರುವಾದ ನಮ್ಮ ಮನೆ

ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ಮನುಷ್ಯ ಇದ್ದಕ್ಕಿದ್ದಂತೆ ನರಳಿದ. ಅರಿವಳಿಕೆ ಸರಿಯಾಗಿ ಹಿಡಿದಿಲ್ಲವೆಂದು ಗಾಬರಿಯಾಗಿ ನಾನು ಅವನ ಭುಜ ಹಿಡಿದೆ. ಆಮೇಲೆ ನೋಡಿದರೆ ಡ್ರಿಲ್ ಇನ್ನೂ ಹಲ್ಲಿಗೆ ತಾಗಿರಲೇ ಇಲ್ಲ. ಡಾಕ್ಟರ್ ಆಲಿಸನ್ ಅದನ್ನು ಗಾಳಿಯಲ್ಲೇ ಹಿಡಿದುಕೊಂಡು ರೇಡಿಯೋಗೆ ಕಿವಿಗೊಟ್ಟು ನಿಂತಿದ್ದರು. ದೇಶದ ರಿಸರ್ವ್ ಬ್ಯಾಂಕು ಬಡ್ಡಿ ದರವನ್ನು ಮತ್ತೆ ಏರಿಸಿದೆ ಎಂದು ವಾರ್ತೆಯವನು ಹೇಳುತ್ತಿದ್ದ. ಮುಂದಿನ ಕೋಣೆಯಿಂದ ರಿಸೆಪ್ಷನಿಸ್ಟ್ ಹುಡುಗಿ ಕೂಡ ಓಡಿಬಂದು ಬಾಗಿಲಲ್ಲಿ ನಿಂತಳು.

"ಫಿಕ್ಸ್ಡೋ, ಫ್ಲೋಟಿಂಗೋ?" ಎಂದು ಆಲಿಸನ್ ರೋಗಿಯನ್ನು ಕೇಳಿದರು. ಬಾಯಿ ತುಂಬ ಹತ್ತಿಯಿದ್ದುದರಿಂದ ಅವನು ಅಂಗೈಯನ್ನು ದೋಣಿಯಂತೆ ತೇಲಾಡಿಸಿ ತೋರಿಸಿದ. "ಅಯ್ಯೋ ಪಾಪ," ಎಂದು ಹೇಳಿ ಅವರು ಹಲ್ಲು ಕೊರೆಯತೊಡಗಿದರು.

ಇದು ೨೦೦೭ರ ಮಾತು. ನಾವು ನ್ಯೂಜಿಲೆಂಡಿಗೆ, ರಾಜಧಾನಿ ವೆಲಿಂಗ್ಟನ್ನಿನ ಉತ್ತರಕ್ಕಿರುವ ಪೊರಿರುವಾ ಎಂಬ ಊರಿಗೆ ಬಂದು ವರ್ಷ ತುಂಬಿರಲಿಲ್ಲ. ಹುಬ್ಬಳ್ಳಿಯ ನನ್ನ ದವಾಖಾನೆಯಲ್ಲಿ ರೇಡಿಯೋ ಕೇಳಿ ಕೆಲಸ ನಿಂತದ್ದಿದ್ದರೆ ಅದು ಕ್ರಿಕೆಟ್ಟಿಗೆ ಮಾತ್ರ. ಬಡ್ಡಿಯ ಮಾತನ್ನು ನಮ್ಮಲ್ಲಿ ಬಾಗಿಲು ಮುಂದೆ ಮಾಡಿಕೊಂಡು, ದನಿ ತಗ್ಗಿಸಿ ಆಡುತ್ತಾರೆ. ಇಲ್ಲಿ ಹಾಗಲ್ಲ. ಶಾಲೆಯ ಗೇಟಿನ ಬಳಿ, ಬಸ್ ಸ್ಟಾಪಿನಲ್ಲಿ, ಡೇರಿಯಲ್ಲಿ (ಡೇರಿ ಎಂದರೆ ಇಲ್ಲಿ ಹಾಲಿನ ಕೇಂದ್ರವಲ್ಲ, ಮೂಲೆಯಂಗಡಿ) ಎಲ್ಲೆಂದರಲ್ಲಿ ಹವೆಯ ಬಗ್ಗೆ ಎರಡು ಮಾತಾಡಿ ಮೂರನೆಯದಾಗಿ ಕೇಳುವುದೇ ಇದು: ನಿಮ್ಮ ಮನೆಸಾಲ ಫಿಕ್ಸ್ಡೋ, ಫ್ಲೋಟಿಂಗೋ? ಫಿಕ್ಸ್ಡ್ ಎಂದರೆ ಬಡ್ಡಿ ದರವನ್ನು ಇಷ್ಟು ವರ್ಷಕ್ಕೆಂದು ಕಟ್ಟಿಹಾಕುವುದು. ಫ್ಲೋಟಿಂಗ್ ಎಂದರೆ ಬ್ಯಾಂಕು ಕುಣಿಸಿದಂತೆ ಕುಣಿಯುವುದು. ನಮಗೆ ಮನೆಯೇ ಇರಲಿಲ್ಲವಾದ್ದರಿಂದ ನಾನು ಸುಮ್ಮನೆ ನಗುತ್ತಿದ್ದೆ.

ನಗು ಕಷ್ಟವಾಗುತ್ತಿದ್ದದ್ದು ಬೇರೆ ಕಾರಣಕ್ಕೆ. ಹುಬ್ಬಳ್ಳಿಯಲ್ಲಿ ಒಂಬತ್ತು ವರ್ಷ ಹಲ್ಲು ಕಿತ್ತು, ಕಟ್ಟಿ, ತುಂಬಿದ ಕೈ ನನ್ನದು. ಇಲ್ಲಿನ ಪರೀಕ್ಷೆ ಪಾಸಾಗುವ ತನಕ ಆ ಕೈ ಯಾರ ಬಾಯಿಯಲ್ಲೂ ಉಪಕರಣ ಆಡಿಸುವಂತಿರಲಿಲ್ಲ. ನಾನು ಆಲಿಸನ್ ಅವರ ಸಹಾಯಕಿ. ಎಂಜಲು ಹೀರುವ ಕೊಳವೆ ಹಿಡಿಯುವುದು, ಉಪಕರಣ ತೊಳೆಯುವುದು, ರೋಗಿಯ ಕೊರಳಿಗೆ ಬಟ್ಟೆ ಕಟ್ಟುವುದು. ಆಲಿಸನ್ ಒಳ್ಳೆಯವರೇ. ಮೇಡಂ ಎನ್ನಬೇಡ, ಹೆಸರು ಹಿಡಿದೇ ಕರೆ ಎಂದು ಮೊದಲ ದಿನವೇ ಹೇಳಿದ್ದರು. ನಾನು ಕರೆಯುತ್ತಿದ್ದೆ, ಪ್ರತಿ ಸಲವೂ ನಾಲಿಗೆ ಕಚ್ಚಿಕೊಂಡಂತಾಗುತ್ತಿತ್ತು. ಆದರೆ ಅವರು ಬೇರು ಸ್ವಚ್ಛಮಾಡುವಾಗ ಒಂದು ನಾಳ ಬಿಟ್ಟುಹೋಗುತ್ತಿದೆ ಎಂದು ನನ್ನ ಕಣ್ಣಿಗೆ ಕಂಡರೂ ಬಾಯಿ ಬಿಡುವಂತಿಲ್ಲವಲ್ಲ, ಆಗ ಮೈಯೆಲ್ಲ ಉರಿಯುತ್ತಿತ್ತು. ಬರವಣಿಗೆಯ ಪರೀಕ್ಷೆಯನ್ನು ಬಂದ ವರ್ಷವೇ ಮುಗಿಸಿದ್ದೆ. ಉಳಿದದ್ದು ಪ್ರಾಯೋಗಿಕ. ಅದಕ್ಕೆ ಕೆಲಸ ಬಿಟ್ಟು, ದಕ್ಷಿಣ ದ್ವೀಪದ ತುದಿಯ ಡುನೆಡಿನ್ನಿಗೆ ಹೋಗಿ ಗೊಂಬೆಯ ಬಾಯಿಯಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡಬೇಕು. ಬರವಣಿಗೆಯ ಫಲಿತಾಂಶವೂ ಶಾಶ್ವತವಲ್ಲ, ಕೆಲವು ವರ್ಷ ಬಿಟ್ಟರೆ ಮತ್ತೆ ಮೊದಲಿನಿಂದ ಬರೆಯಬೇಕು.

ಬಾಡಿಗೆ ಮನೆಯಲ್ಲಿ ಹೊರಗಿಗಿಂತ ಒಳಗೇ ಚಳಿ. ಮರದ ಗೋಡೆ, ತಗಡಿನ ಮಾಡು, ಇಲ್ಲಿ ಚಳಿಗಾಲವಾದ ಜೂನ್ ಬಂತೆಂದರೆ ಕಿಟಕಿಯ ಒಳಮೈಯಿಂದ ನೀರು ಇಳಿಯುತ್ತಿತ್ತು. ಬೀರುವಿನಲ್ಲಿದ್ದ ನನ್ನ ಇಳಕಲ್ಲ ಸೀರೆಗೆ ಬೂಷ್ಟು ಹಿಡಿದ ದಿನ ನಾನು ಅತ್ತೇಬಿಟ್ಟೆ. ಜೋಳದ ಹಿಟ್ಟು ವೆಲಿಂಗ್ಟನ್ನಿನ ಒಂದೇ ಅಂಗಡಿಯಲ್ಲಿ ಸಿಗುತ್ತಿತ್ತು, ಅದೂ ಹಳತು. ಬಡಿದರೆ ಅಂಚು ಬಿರಿಯುತ್ತಿತ್ತು, ಬೇಯಿಸಿದರೆ ವಿದ್ಯುತ್ ಒಲೆಯ ಸುರುಳಿಯ ಮೇಲೆ ರೊಟ್ಟಿ ಉಬ್ಬುತ್ತಿರಲಿಲ್ಲ. ಕೊನೆಗೆ ಸಿಲಿಂಡರಿನ ಪುಟ್ಟ ಒಲೆಯೊಂದನ್ನು ತಂದು ಹಿತ್ತಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು ಕೂತು ಒಂದು ರೊಟ್ಟಿ ಉಬ್ಬಿಸಿದೆ. ಪಕ್ಕದ ಮನೆಯ ಸಮೋವಾದ ಅಜ್ಜಿ ಬೇಲಿಯಾಚೆಯಿಂದ ಚಪ್ಪಾಳೆ ತಟ್ಟಿದಳು. ಆ ದಿನವೆಲ್ಲ ನಾನು ಖುಷಿಯಾಗಿದ್ದೆ.

"ಸ್ವಂತ ಮನಿ ತಗೊಂಡ್ಬಿಡೂಣು," ಎಂದು ನನ್ನ ಗಂಡ ಬಸವರಾಜ ಪಟ್ಟು ಹಿಡಿದರು. ಅವರು ನೀರಿನ ಪೈಪುಗಳ ಎಂಜಿನಿಯರು, ಸೋರುವುದನ್ನು ಕಂಡರೆ ಅವರಿಗೆ ನಿದ್ದೆ ಬರದು. "ಈ ಮನ್ಯಾಗ ಇನ್ನೊಂದು ಚಳಿಗಾಲ ಕಳದ್ರ ಹುಡುಗಿಗೆ ದಮ್ಮು ಹತ್ತತೈತಿ. ನಿನ್ನ ಪರೀಕ್ಷಿ ಒಂದು ವರ್ಷ ತಡಾ ಆದ್ರ ಏನಾಗೂದೈತಿ?"

ಮಗಳು ಅನಘಾಳ ಕೆಮ್ಮು ನನಗೂ ಕೇಳಿಸುತ್ತಿತ್ತು. ನಾನು ಒಪ್ಪಿದೆ. ದರ ಇನ್ನೂ ಏರುತ್ತಿದ್ದ ಕಾಲ, ಸದ್ಯ ಒಂದು ವರ್ಷಕ್ಕೆ ಕಟ್ಟೋಣ, ಇಳಿದ ಮೇಲೆ ನೀನು ಡುನೆಡಿನ್ನಿಗೆ ಹೋಗು ಎಂದು ಮಾತಾಯಿತು. ಅಂದರೆ ನಾನು ಮತ್ತೆ ಡಾಕ್ಟರಾಗುವುದು ಬಡ್ಡಿ ದರದ ಮೇಲೆ ನಿಂತಿತು.

ಬೆಲ್ಜಿಯಮ್ಮಿನವನ ಪರಿಚಯವಾದದ್ದು ಗೃಹಪ್ರವೇಶದ ಊಟದಲ್ಲಿ. ಪರಿಚಯಿಸಿದವರು ಶ್ರೀಧರ್ ಅಂಕಲ್. ಮೈಸೂರಿನವರು, ವೆಲಿಂಗ್ಟನ್ನಿನ ಒಂದು ಬ್ಯಾಂಕಿನಲ್ಲಿ ಹೊರದೇಶದ ಹಣ ತರುವ ವಿಭಾಗದಲ್ಲಿದ್ದರು. ಇಲ್ಲಿಗೆ ಬಂದು ಹದಿನೈದು ವರ್ಷ ದಾಟಿತ್ತು. ಕನ್ನಡದವರ ಯಾವ ಮನೆಯ ಊಟದಲ್ಲೂ ಪಾಯಸದ ಹೊತ್ತಿಗೆ ಅವರ ಸುತ್ತ ಗುಂಪು ಕೂಡುತ್ತಿತ್ತು.

"ಈ ಮನೆಗೆ ದುಡ್ಡು ಕೊಟ್ಟೋರು ಯಾರು ಗೊತ್ತೇನಮ್ಮ? ನಿಮ್ಮ ಕಸುಬಿನವರೇ," ಎಂದರು.

"ನಮ್ಮ ಕಸುಬಿನವರಾ? ಯಾರ್ರೀ ಅಂಕಲ್?"

"ಬೆಲ್ಜಿಯನ್ ಡೆಂಟಿಸ್ಟ್! ತಮಾಷೆ ಅಲ್ಲ, ನಮ್ಮ ಮಾರ್ಕೆಟ್‌ನಲ್ಲಿ ಹಾಗೇ ಅಂತಾರೆ. ಯುರೋಪಿನಲ್ಲಿ ಬಡ್ಡಿ ಕಮ್ಮಿ. ಅಲ್ಲಿ ನಾಲ್ಕು ಕಾಸು ಉಳಿಸಿರೋ ಡಾಕ್ಟರು, ಮೇಷ್ಟ್ರು, ಅಂಗಡಿಯೋರು ನ್ಯೂಜಿಲೆಂಡ್ ಡಾಲರಿನ ಬಾಂಡ್ ತಗೋತಾರೆ. ಆ ದುಡ್ಡು ಸುತ್ತಿ ಬಳಸಿ ನಮ್ಮ ಮನೆಸಾಲ ಆಗತ್ತೆ. ನಾಳೆ ಫ್ರಾಂಕ್‌ಫರ್ಟಿನಲ್ಲಿರೋ ಯುರೋಪಿನ ಕೇಂದ್ರ ಬ್ಯಾಂಕು ಅಲ್ಲೇ ಬಡ್ಡಿ ಏರಿಸ್ತು ಅಂತಿಟ್ಕೊಳಿ, ಅವನ್ಯಾಕೆ ಇಲ್ಲಿಗೆ ಕಳಿಸ್ತಾನೆ? ಆಗ ನಮಗೆ ಸಾಲ ಇನ್ನೂ ತುಟ್ಟಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆವತ್ತಿನಿಂದ ಆ ಬೆಲ್ಜಿಯಮ್ಮಿನ ಪುಣ್ಯಾತ್ಮ ನನ್ನ ತಲೆಯಲ್ಲಿ ಮನೆ ಮಾಡಿದ. ಅವನು ತನ್ನ ಊರಿನಲ್ಲಿ ನೆಮ್ಮದಿಯಾಗಿ ಹಲ್ಲು ಕೀಳುತ್ತಾನೆ, ಉಳಿದ ಹಣದಲ್ಲಿ ನನ್ನ ಮನೆ ಕೊಳ್ಳುತ್ತಾನೆ, ನಾನು ಅವನ ಬಡ್ಡಿ ತೀರಿಸಲು ಇನ್ನೊಬ್ಬರ ಪಕ್ಕದಲ್ಲಿ ಕೊಳವೆ ಹಿಡಿದು ನಿಲ್ಲುತ್ತೇನೆ. ಹೊಟ್ಟೆಕಿಚ್ಚಾಯಿತು ಎಂದು ನೇರವಾಗಿಯೇ ಹೇಳುತ್ತೇನೆ.

ಶನಿವಾರ ಅನಘಾಳನ್ನು ಗ್ರಂಥಾಲಯಕ್ಕೆ ಕರೆದೊಯ್ದಾಗ ಅವಳು ಕಥೆಪುಸ್ತಕ ಓದಿದರೆ ನಾನು ಯುರೋಪಿನ ಸುದ್ದಿ ಹುಡುಕತೊಡಗಿದೆ. ಹುಬ್ಬಳ್ಳಿಯಲ್ಲಿದ್ದಾಗ ಬೆಳಗಾವಿಯ ಆಚೆಗಿನ ಸುದ್ದಿಗೂ ನಾನು ತಲೆ ಕೆಡಿಸಿಕೊಂಡವಳಲ್ಲ. ೨೦೦೮ರ ಹೊತ್ತಿಗೆ ಯುರೋಪಿನಲ್ಲಿ ಜೋರು ವಾದ ನಡೆದಿತ್ತು. ಎಣ್ಣೆ, ಧಾನ್ಯ ಎಲ್ಲದರ ಬೆಲೆ ಏರುತ್ತಿದೆ, ಈಗಲೇ ಬಡ್ಡಿ ಏರಿಸಿ ಹಿಡಿತಕ್ಕೆ ತರಬೇಕು ಎಂದು ಒಂದು ಪಕ್ಷ. ಅಮೆರಿಕದ ಬ್ಯಾಂಕುಗಳು ಅಲುಗಾಡುತ್ತಿವೆ, ಜರ್ಮನಿಗೆ ಹೊಂದುವ ಔಷಧ ಸ್ಪೇನಿಗೆ ಹೊಂದುವುದಿಲ್ಲ, ಈಗ ಏರಿಸಿದರೆ ಮೊದಲೇ ಸುಸ್ತಾದವರು ನೆಲ ಹಿಡಿಯುತ್ತಾರೆ ಎಂದು ಇನ್ನೊಂದು. ನನಗೆ ನಮ್ಮ ಕಾಲೇಜಿನ ಪ್ರೊಫೆಸರುಗಳ ನೆನಪಾಯಿತು. ಬಾವು ಕಂಡ ಕೂಡಲೇ ಹಲ್ಲು ಕೀಳು ಎನ್ನುವವರು ಕೆಲವರು, ಬಾವು ಇಳಿಯಲಿ ತಡೆ ಎನ್ನುವವರು ಕೆಲವರು. ರೋಗಿಯ ಮನೆಯವರಂತೆ ನಾನು ಇಬ್ಬರ ಮುಖವನ್ನೂ ನೋಡುತ್ತ ಕೂತಿದ್ದೆ.

ಕೂರುವುದೂ ಆಗುತ್ತಿರಲಿಲ್ಲ. ಅಡುಗೆ ಮಾಡುವಾಗ ರೇಡಿಯೋ, ಬಸ್ಸಿನಲ್ಲಿ ಪೇಪರು. ಅನಘಾ ಒಂದು ಸಂಜೆ, "ಅಮ್ಮಾ, ಆರ್ ವೀ ಪೂರ್?" ಎಂದು ಕೇಳಿದಳು. ನಾನು ಕನ್ನಡದಲ್ಲಿ ಗದರಿದೆ. ಅವಳು ಇಂಗ್ಲಿಷಿನಲ್ಲಿ ಸಾರಿ ಎಂದು ಕೋಣೆಗೆ ಹೋದಳು.

ಆ ಜುಲೈ ತಿಂಗಳಲ್ಲಿ ನಮ್ಮ ಒಂದು ವರ್ಷದ ಕರಾರು ಮುಗಿಯುವುದಿತ್ತು. ಸರಿಯಾಗಿ ಅದೇ ಹೊತ್ತಿಗೆ ಯುರೋಪಿನ ಕೇಂದ್ರ ಬ್ಯಾಂಕು ಬಡ್ಡಿ ಏರಿಸಿತು. ನಾನು ಶ್ರೀಧರ್ ಅಂಕಲ್‌ಗೆ ಫೋನ್ ಮಾಡಿದೆ.

"ನಾನ್ ಹೇಳಿರ್ಲಿಲ್ವಾ? ಐದು ವರ್ಷಕ್ಕೆ ಫಿಕ್ಸ್ ಮಾಡಿಬಿಡಿ, ಯೋಚ್ನೇನೇ ಮಾಡ್ಬೇಡಿ," ಎಂದರು.

ಹಾಗೆಯೇ ಮಾಡಿದೆವು. ಸಹಿ ಹಾಕಿ ಹೊರಬಂದಾಗ ಬಸವರಾಜರ ಮುಖದಲ್ಲಿ ದೊಡ್ಡ ಪೈಪಿನ ಸೋರಿಕೆ ನಿಲ್ಲಿಸಿದ ಕಳೆಯಿತ್ತು. ಕೆಲವೇ ವಾರಗಳಲ್ಲಿ ಇಲ್ಲಿನ ರಿಸರ್ವ್ ಬ್ಯಾಂಕು ದರ ಇಳಿಸಿತು. ಇಲ್ಲಿಯ ವಸಂತ, ಅಂದರೆ ಸೆಪ್ಟೆಂಬರ್, ಬರುವಷ್ಟರಲ್ಲಿ ಅಮೆರಿಕದ ದೊಡ್ಡ ಬ್ಯಾಂಕು ಮುಳುಗಿತು, ಏರಿಸಿಯೇ ತೀರುತ್ತೇವೆ ಎಂದಿದ್ದ ಫ್ರಾಂಕ್‌ಫರ್ಟಿನವರು ಕೂಡ ಉಳಿದವರ ಜೊತೆ ಸೇರಿ ದರ ಇಳಿಸಿದರು. ಇಲ್ಲಿ ಇಳಿಯುತ್ತಲೇ ಹೋಯಿತು. ನಾವು ಮಾತ್ರ ಶಿಖರದ ತುದಿಯಲ್ಲಿ ಐದು ವರ್ಷಕ್ಕೆ ಕಟ್ಟಿಸಿಕೊಂಡು ಕೂತಿದ್ದೆವು. ಬಿಡಿಸಿಕೊಳ್ಳಬೇಕೆಂದರೆ ಬ್ಯಾಂಕು ಕೇಳುವ ದಂಡ ನಮ್ಮ ಕೈಗೆ ಎಟುಕುವಂತಿರಲಿಲ್ಲ. ದವಾಖಾನೆಯಲ್ಲಿ ಪ್ರತಿ ವಾರ್ತೆಗೂ ಎಲ್ಲರೂ ಹಿಗ್ಗುತ್ತಿದ್ದರೆ ನಾನು ಉಪಕರಣ ತೊಳೆಯಲು ಒಳಗೆ ಹೋಗುತ್ತಿದ್ದೆ.

ದೀಪಾವಳಿಯ ಊಟದಲ್ಲಿ ಶ್ರೀಧರ್ ಅಂಕಲ್ ಸಿಕ್ಕರು. ಅವರ ತಟ್ಟೆಯಲ್ಲಿ ಹೋಳಿಗೆ ಇತ್ತು, ನನ್ನ ಹೊಟ್ಟೆಯಲ್ಲಿ ಬೆಂಕಿ.

"ನಿಮ್ಮ ಮನೀದು ಎಷ್ಟು ವರ್ಷಕ್ಕ ಕಟ್ಟೀರಿ ಅಂಕಲ್?" ಎಂದು ಕೇಳಿದೆ.

ಅವರು ಹೋಳಿಗೆಯ ಅಂಚು ಮುರಿದರು. "ನಂದು ಫ್ಲೋಟಿಂಗು ಕಣಮ್ಮ. ಮೊದಲಿಂದಾನೂ."

"ನಮಗ ಐದು ವರ್ಷ ಕಟ್ಟಿಸಿ, ನೀವು ಆರಾಮ ತೇಲಾಕತ್ತೀರಿ?"

"ಲೆಕ್ಕ ಹಾಕಿ ಇಟ್ಕೊಂಡಿದ್ದಲ್ಲಮ್ಮ ಅದು. ಮೈಸೂರಲ್ಲಿ ಒಂದು ಸೈಟಿದೆ. ಪ್ರತಿ ವರ್ಷ ಅಂದ್ಕೋತೀನಿ, ಈ ವರ್ಷ ಮಾರಿ ಹೊರಟುಬಿಡೋಣ ಅಂತ. ಕಟ್ಟಿಹಾಕಿಬಿಟ್ರೆ ಹೋಗೋದು ಕಷ್ಟ ಆಗತ್ತಲ್ಲ. ಏರಿದ್ದಾಗ ಜಾಸ್ತಿ ಕಟ್ಟಿದೀನಿ, ಬೈಸ್ಕೊಂಡಿದೀನಿ ನಿಮ್ಮ ಆಂಟಿ ಹತ್ರ."

"ಹದಿನೈದು ವರ್ಷದಿಂದ ಹೊಂಟೀರಿ. ಹೊಸಲು ದಾಟಾಕ ಆಗೂದಿಲ್ಲ, ಒಳಗ ಕೂಡಾಕೂ ಆಗೂದಿಲ್ಲ. ಇಂಥವರ ಮಾತು ಕೇಳಿದ್ನಲ್ಲ ನಾನು!"

ಬಸವರಾಜರು ನನ್ನ ಕೈ ಹಿಡಿದು ಎಳೆದರು. ಅಂಕಲ್ ತಟ್ಟೆ ಕೆಳಗಿಟ್ಟು ಕೋಟು ಹಾಕಿಕೊಂಡರು. ಆಮೇಲೆ ಅವರು ನಮ್ಮ ಮನೆಗೆ ಬರಲಿಲ್ಲ, ನಾನೂ ಕರೆಯಲಿಲ್ಲ.

ಮನೆಗೆ ಬರುತ್ತ ಕಾರಿನಲ್ಲಿ ನಾನು ಅಳುತ್ತಿದ್ದೆ. ಅಂಕಲ್‌ಗೆ ಅಂದದ್ದಕ್ಕಲ್ಲ, ನನ್ನ ಪರೀಕ್ಷೆ ಮುಳುಗಿತಲ್ಲ ಎಂದು. ಬಸವರಾಜರು ಗೇರು ಬದಲಿಸಿದರು.

"ಅಳೂದು ಯಾಕ? ಇನ್ನ ಐದು ವರ್ಷ ಏರಂಗಿಲ್ಲ, ಇಳ್ಯಂಗಿಲ್ಲ, ಎಲ್ಲೂ ಹೋಗೂದೂ ಆಗಂಗಿಲ್ಲ. ಇಳೀತೈತಿ ಅಂತ ಕಾಯೂ ಕೆಲಸ ಮುಗೀತಲ್ಲ," ಎಂದರು. "ನಾ ಶನಿವಾರಾನೂ ಕೆಲಸಕ್ಕ ಹೋಗ್ತೀನಿ. ನೀ ಡುನೆಡಿನ್ನಿಗೆ ಹೋಗು."

ಕಾಯಲು ಏನೂ ಉಳಿದಿಲ್ಲ ಎಂಬುದು ನನಗೆ ಹೊಳೆದೇ ಇರಲಿಲ್ಲ. ಮುಂದಿನ ವರ್ಷ ಹೋದೆ. ಪೊರಿರುವಾದ ಚಳಿಗೆ ಅಪ್ಪನಂಥ ಚಳಿ ಅಲ್ಲಿಯದು. ಗೊಂಬೆಯ ರಬ್ಬರ್ ಕೆನ್ನೆಯನ್ನು ಬದಿಗೆ ಸರಿಸಿ ಮೊದಲ ಹಲ್ಲು ಕೊರೆದಾಗ ಡ್ರಿಲ್ ಗುರುತು ದಾಟಿಹೋಯಿತು. ಎರಡನೆಯ ವಾರಕ್ಕೆ ನನ್ನ ಕೈ ನನಗೆ ಸಿಕ್ಕಿತು. ಆ ತಿಂಗಳುಗಳಲ್ಲಿ ನಾನು ಒಮ್ಮೆಯೂ ಫ್ರಾಂಕ್‌ಫರ್ಟಿನ ಸುದ್ದಿ ಹುಡುಕಲಿಲ್ಲ. ಬೆಲ್ಜಿಯಮ್ಮಿನವನು ಏನಾದನೋ, ದೇವರಿಗೆ ಗೊತ್ತು. ಅವನ ಹಣವೂ ಆ ಗಲಾಟೆಯಲ್ಲಿ ಕರಗಿರಬೇಕು, ಪಾಪ ಎನಿಸಿದ್ದುಂಟು.

ಪಾಸಾದೆ. ಆಲಿಸನ್ ತಮ್ಮ ಪಕ್ಕದ ಕೋಣೆಯನ್ನೇ ನನಗೆ ಕೊಟ್ಟರು. ಈಗ ನನ್ನ ಪಕ್ಕದಲ್ಲಿ ಬೇರೊಬ್ಬಳು ಕೊಳವೆ ಹಿಡಿಯುತ್ತಾಳೆ. ಏನಾದರೂ ಕಂಡರೆ ತಕ್ಷಣ ಬಾಯಿಬಿಟ್ಟು ಹೇಳಬೇಕೆಂದು ಮೊದಲ ದಿನವೇ ಅವಳಿಗೆ ತಾಕೀತು ಮಾಡಿದ್ದೇನೆ.

ಕಳೆದ ತಿಂಗಳು ಹುಬ್ಬಳ್ಳಿಯಿಂದ ಗೆಳತಿ ಫೋನ್ ಮಾಡಿದ್ದಳು. ಕರ್ನಾಟಕದಲ್ಲಿ ದಂತವೈದ್ಯೆಯಾಗಿ ಮಾಡಿಸಿದ್ದ ನನ್ನ ನೋಂದಣಿಯ ಅವಧಿ ಮುಗಿಯುತ್ತಿದೆ, ಬಿಟ್ಟುಬಿಡುತ್ತೀಯೋ, ಶುಲ್ಕ ಕಟ್ಟಿ ನವೀಕರಿಸುತ್ತೀಯೋ ಎಂದು ಕೇಳಿದಳು. ಇಲ್ಲಿ ಕೈತುಂಬ ಕೆಲಸವಿದೆ, ಮಗಳಿಗೆ ಹುಬ್ಬಳ್ಳಿಯ ಓಣಿಗಳ ಹೆಸರೂ ನೆನಪಿಲ್ಲ, ಅದರ ಅಗತ್ಯ ನನಗೇನೂ ಇರಲಿಲ್ಲ. ಬಾಯಿ ಮಾತ್ರ ನನ್ನನ್ನು ಕೇಳದೆಯೇ, "ಕಟ್ಟಿಬಿಡು," ಎಂದುಬಿಟ್ಟಿತು.

ಫೋನ್ ಇಟ್ಟ ಮೇಲೆ ತುಂಬ ಹೊತ್ತು ಅಡುಗೆಮನೆಯಲ್ಲಿ ಅತ್ತಿಂದಿತ್ತ ಓಡಾಡಿದೆ. ಆಮೇಲೆ ಶ್ರೀಧರ್ ಅಂಕಲ್ ಮನೆಗೆ ಫೋನ್ ಹಚ್ಚಿದೆ. ಅವರೇ ಎತ್ತಿದರು.

"ಅಂಕಲ್, ಭಾನುವಾರ ಊಟಕ್ಕ ಬರ್ರಿ, ಆಂಟೀನೂ ಕರ್ಕೊಂಡು," ಎಂದು ಹೇಳಿ, ನೋಂದಣಿಯ ಸಂಗತಿಯನ್ನೂ ಹೇಳಿದೆ. "ಆವತ್ತು ನಿಮಗ ಹಂಗ ಅನಬಾರದಿತ್ರೀ."

"ಎಷ್ಟು ವರ್ಷಕ್ಕೆ ಕಟ್ಟಿಸಿದ್ರಮ್ಮ?" ಎಂದು ಕೇಳಿದರು.

"ಐದು ವರ್ಷಕ್ರೀ."

ಆ ಕಡೆಯಿಂದ ನಗು ಕೇಳಿಸಿತು, ಸಣ್ಣಗೆ ಶುರುವಾಗಿ ಕೆಮ್ಮಿಗೆ ತಿರುಗುವ ಅವರ ಹಳೆಯ ನಗು. "ಅಲ್ಲೂ ಫಿಕ್ಸ್ ಮಾಡಿಸಿಬಿಟ್ರಲ್ಲಮ್ಮ!"

ನಾನೂ ನಕ್ಕೆ. ನಗುತ್ತಲೇ ಕಣ್ಣು ತುಂಬಿ ಬಂತು.