ಗುಂಡುಸೂಜಿ ಕಚ್ಚಿದ ತಾತ

ನಮ್ಮ ಮನೆಯವರು ಟೈಲರ್. ನಲವತ್ತು ವರ್ಷದಿಂದ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಕೆಲಸ. ನಾನು ಹತ್ತು ಮಾತು ಕೇಳಿದರೆ ಒಂದಕ್ಕೆ 'ಹೂಂ' ಅಂದಾರು. ನನ್ನದೋ ಅರಳು ಹುರಿದಂಥ ಮಾತು. ಹೇಗೆ ಬಾಳಿದೆನೋ, ಕೇಳಬೇಡಿ.

ಮೊಮ್ಮಗಳಿಗೆ ಎರಡೂವರೆ ತುಂಬಿದರೂ ಬಾಯಲ್ಲಿ ಒಂದು ಪದವಿಲ್ಲ. ಕಿವಿ ಸರಿಯಾಗಿದೆ, ಕಾಯಿರಿ ಎಂದರು ಡಾಕ್ಟರು. ಮಗಳು ಕೆಲಸದಿಂದ ಬಂದವಳೇ, "ಇವತ್ತೇನಾದ್ರೂ ಅಂದಳಾ ಅಮ್ಮ?" ಎನ್ನುತ್ತಿದ್ದಳು. ಈಚೆಗೆ ಕೇಳುವುದನ್ನೂ ಬಿಟ್ಟಿದ್ದಳು.

ನಾನೇನು ಕೈಕಟ್ಟಿ ಕೂತಿದ್ದೆನೇ? ಚಮಚ ಎತ್ತಿ ಹಿಡಿದು, "ಇದೇನು? ಚಮಚ. ಹೇಳು, ಚಮಚ. ಹೇಳೇ ನನ್ನ ಬಂಗಾರ" ಎಂದು ದಿನವಿಡೀ ಪಾಠ. ಅವಳು ನನ್ನ ಬಾಯನ್ನೇ ಒಂದಿಷ್ಟು ಹೊತ್ತು ನೋಡಿ, ಎದ್ದು ತಾತನ ಅಂಗಡಿಗೆ ನಡೆದುಬಿಡುತ್ತಿದ್ದಳು. ಅಂಗಡಿಯೆಂದರೆ ನಮ್ಮ ಮನೆಯ ಮುಂದಿನ ಕೋಣೆ.

ಅಲ್ಲಿ ಇಬ್ಬರದೂ ಒಂದು ಆಟ. ತಾತ ಬಾಯಿಂದ ಸೂಜಿ ತೆಗೆದು, ಕೋಟಿನ ದೊಡ್ಡ ಗುಂಡಿಯೊಂದನ್ನು ಅವಳ ಅಂಗೈಗಿಟ್ಟು, "ಗುಂಡಿ" ಎನ್ನುವರು. ಒಂದೇ ಸಲ. ಅವಳು ರೀಲು ಎತ್ತಿದರೆ, "ದಾರ." ಮತ್ತೆ ಸೂಜಿ ಕಚ್ಚಿ ಕೈಚಾಚುವರು. ಗುಂಡಿಯ ಬದಲು ರೀಲು ಕೊಟ್ಟಳೋ, ಅದನ್ನು ತಲೆಯ ಮೇಲಿಟ್ಟುಕೊಂಡು ಗಂಭೀರವಾಗಿ ಮಷಿನ್ ತುಳಿಯುವರು. ಅವಳು ಬಿದ್ದುಬಿದ್ದು ನಗುವಳು.

ಒಂದು ಬೆಳಿಗ್ಗೆ ಗುಂಡಿಯ ಡಬ್ಬಿ ಮೇಲಿನ ಹಲಗೆಯಲ್ಲಿತ್ತು. ಅವಳು ಅತ್ತ ಬೆರಳು ತೋರಿಸಿದಳು. ತಾತ ಹುಬ್ಬೇರಿಸಿದರು, ಅಷ್ಟೇ. ಬಾಗಿಲಲ್ಲಿದ್ದ ನಾನು, "ಡಬ್ಬಿ ಬೇಕಂತೆ, ಕೊಡಬಾರ್ದೇನ್ರೀ" ಎನ್ನಲು ಬಾಯಿ ತೆರೆಯುವಷ್ಟರಲ್ಲಿ ನನ್ನತ್ತ ಅಂಗೈ ಎತ್ತಿ ತಡೆದರು. ನಲವತ್ತು ವರ್ಷದಲ್ಲಿ ಮೊದಲ ಸಲ! ಮೈಯೆಲ್ಲ ಉರಿಯಿತು. ಹಲ್ಲು ಕಚ್ಚಿ ನಿಂತೆ. ಮಷಿನ್ನೂ ನಿಂತಿತ್ತು. ಅವರು ಕಾದರು, ಕಾದೇ ಕಾದರು.

"ಗುಂಡಿ" ಎಂದಳು ಮೊಮ್ಮಗಳು.

ಅವರು ಏನೂ ಆಗಿಲ್ಲವೆಂಬಂತೆ ಡಬ್ಬಿ ಇಳಿಸಿಕೊಟ್ಟರು. ಆದರೆ ಬಟ್ಟೆಯಿಡುವುದನ್ನೇ ಮರೆತು ಮಷಿನ್ ತುಳಿಯತೊಡಗಿದರು.

ಆಮೇಲೆ ಜಗಳಕ್ಕೆ ನಿಂತೆ. "ನನ್ನ ಬಾಯಿ ಯಾಕ್ರೀ ಮುಚ್ಚಿಸಿದ್ದು?"

"ನೀನೇ ಹೇಳ್ಬಿಟ್ರೆ ಅವಳಿಗೇನು ಉಳೀತು?" ಎಂದರು.

ನಿಜ ಯಾವಾಗಲೂ ಖಾರ. ಹೋಗಿ ಪಾತ್ರೆ ತೊಳೆದೆ.

ಸಂಜೆ ಮಗಳು ಬಂದು ಚಪ್ಪಲಿ ಬಿಡುತ್ತಿದ್ದಳು. ಸುದ್ದಿ ನನ್ನ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು. ತುಟಿ ಒತ್ತಿ ಹಿಡಿದೆ. ಮಗು ಓಡಿಬಂದು ಅವಳ ಅಂಗಿಯ ತೋಳು ಹಿಡಿದು ನೋಡಿ, "ಗುಂಡಿ" ಎಂದಿತು.

ಮಗಳು ಹೆಗಲ ಚೀಲದ ಸಮೇತ ನೆಲದ ಮೇಲೆ ಕೂತುಬಿಟ್ಟಳು. ಮಗುವನ್ನು ಎದೆಗೊತ್ತಿಕೊಂಡು, "ಯಾವಾಗಿಂದಮ್ಮ? ಒಂದು ಫೋನ್ ಮಾಡ್ಬಾರ್ದಿತ್ತಾ?" ಎಂದಳು.

"ಬೆಳಿಗ್ಗೆಯಿಂದ. ಅವಳ ಬಾಯಿಂದಲೇ ನೀನು ಕೇಳ್ಲಿ ಅಂತ ಸುಮ್ನಿದ್ದೆ."

ಮಗಳು ಅಳುತ್ತಲೇ ನಕ್ಕಳು. "ಬೆಳಿಗ್ಗೆಯಿಂದ ಸುಮ್ನಿದ್ಯಾ? ನೀನು?"